ಗಣೇಶನ ಹಬ್ಬದ ನಿರ್ಮಾಲ್ಯ ನಾಯಿ ಬಾಯಿಗೆ ಸಿಗದಂತೆ ನೋಡಿಕೊಳ್ಳಿ

ಮನೆಯಲ್ಲಿ ನಾಯಿ, ಬೆಕ್ಕು ಇರುವವರು ದಯವಿಟ್ಟು ಓದಿ. ಹೋದ ವರ್ಷ ಚೌತಿಯ ಮಾರನೇ ದಿನ ನಮ್ಮ ನಾಯಿ ಕರಿಯ ಸಾವಿನ ಬಾಯಿಂದ ವಾಪಸ್ ಬಂದ.

ಪೂಜೆಗೆ ಮಾರ್ಕೆಟ್ಟಿನಿಂದ 21 ಪತ್ರೆಗಳ ಕಟ್ಟು ತಂದಿದ್ದೆವು. ಅದರಲ್ಲಿ ಎಕ್ಕ, ದತ್ತೂರಿ, ಕಣಗಿಲೆ ಎಲ್ಲವೂ ಇರುತ್ತವೆ. ರಾತ್ರಿ ವಿಸರ್ಜನೆ ಮುಗಿಸಿ, ಯಾರೂ ತುಳಿಯಬಾರದು ಅಂತ ನಿರ್ಮಾಲ್ಯವನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಹಾಕಿದೆವು. ವರ್ಷ ವರ್ಷವೂ ಹಾಗೇ ಮಾಡುತ್ತಿದ್ದೆವು.

ಕಣಗಿಲೆ ಎಲೆ ಕಹಿ, ನಾಯಿ ಸುಮ್ನೆ ತಿನ್ನುವುದಿಲ್ಲ ಅಂದುಕೊಂಡಿದ್ದೆ. ಆದರೆ ಮಣ್ಣಿನ ಗಣಪನಿಗೆ ಪಂಚಾಮೃತವನ್ನು ಹೂವಿನಲ್ಲೇ ಅದ್ದಿ ಚಿಮುಕಿಸುತ್ತೇವೆ ಅಲ್ವಾ? ಆ ತುಪ್ಪ, ಜೇನು, ಮೊಸರಿನ ವಾಸನೆಗೆ ಅವನು ಎಲ್ಲವನ್ನೂ ಅಗಿದುಬಿಟ್ಟಿದ್ದ.

ಬೆಳಗ್ಗೆ ನೋಡಿದರೆ ಜೊಲ್ಲು ಸುರಿಯುತ್ತಿತ್ತು. ಮೂರು ಸಲ ವಾಂತಿ. ಆಮೇಲೆ ಎದ್ದು ನಿಲ್ಲಲೂ ಆಗಲಿಲ್ಲ. ಯಾರೋ ಉಪ್ಪುನೀರು ಕುಡಿಸಿ ಅಂದರು. ಪುಣ್ಯಕ್ಕೆ ಕುಡಿಸಲಿಲ್ಲ. ಉಪ್ಪು ಜಾಸ್ತಿಯಾದರೆ ಅದೂ ನಾಯಿಗೆ ವಿಷವೇ ಎಂದು ಆಮೇಲೆ ಡಾಕ್ಟರು ಹೇಳಿದರು.

ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಮೊದಲು ಕೇಳಿದ್ದು "ಏನು ತಿಂದಿದೆ?" ಅಂತ. ನನಗೆ ಗೊತ್ತಿರಲಿಲ್ಲ. ಅಮ್ಮ ಮನೆಗೆ ಓಡಿ, ಅಗಿದು ಬಿಟ್ಟ ಎಲೆಗಳನ್ನು ಕವರಿನಲ್ಲಿ ತಂದರು. ಕಣಗಿಲೆಯನ್ನು ನೋಡಿದ ಕೂಡಲೇ ಡಾಕ್ಟರು ಇಸಿಜಿ ಹಾಕಿದರು. ಎದೆಬಡಿತ ತೀರಾ ನಿಧಾನ, ನಡುನಡುವೆ ತಪ್ಪುತ್ತಿತ್ತು. ಕಣಗಿಲೆಯ ವಿಷ ನೇರ ಹೃದಯಕ್ಕೇ ಹೊಡೆಯುತ್ತದಂತೆ. ಎಲೆ, ಹೂವು, ಕಡ್ಡಿ ಎಲ್ಲದರಲ್ಲೂ ಇದೆ. ಒಣಗಿದರೂ ಹೋಗುವುದಿಲ್ಲ. ಎರಡು ರಾತ್ರಿ ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು.

ನಿಮ್ಮ ನಾಯಿ ಇಂಥದ್ದೇನಾದರೂ ತಿಂದಿದ್ದರೆ ವಾಂತಿಯಾಗಲಿ ಅಂತ ಕಾಯಬೇಡಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ತಿಂದ ಎಲೆಯ ಚೂರು ಸಿಕ್ಕರೆ ಜೊತೆಗೇ ಒಯ್ಯಿರಿ. ನಮ್ಮ ಕೈಯಲ್ಲಿ ಅದು ಮೊದಲೇ ಇದ್ದಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಪ್ರಸಾದದ ದ್ರಾಕ್ಷಿ, ಒಣದ್ರಾಕ್ಷಿಯನ್ನೂ ನಾಯಿಗೆ ಕೊಡಬೇಡಿ, ಕಿಡ್ನಿ ಕೆಡುತ್ತದೆ.

ಈ ಸಲ ಅಮ್ಮನೇ ಕಣಗಿಲೆ, ಎಕ್ಕ, ದತ್ತೂರಿ ಬೇಡ ಅಂದರು. ಅವುಗಳ ಬದಲು ಗರಿಕೆ ಏರಿಸಿದೆವು. ನಿರ್ಮಾಲ್ಯ ಮುಚ್ಚಳವಿರುವ ಬಕೆಟ್ಟಿಗೆ ಹೋಯಿತು, ಬಕೆಟ್ಟು ಅಟ್ಟಕ್ಕೆ. ಕರಿಯ ಕೆಳಗೆ ನಿಂತು ಮೂಸುತ್ತಲೇ ಇದ್ದ.