ಪ್ರೊಮೆಡ್ ರೋಗವಾರ್ತೆ: ಕುಷ್ಟಗಿಯ ಪಶು ಔಷಧಿ ಅಂಗಡಿಯಿಂದ ಒಂದು ವಿಮರ್ಶೆ

ಕುರಿ, ಕೋಳಿ, ದನಗಳ ಔಷಧಿ ಮಾರುವವನಿಗೆ ಪರದೇಶದ ರೋಗಗಳ ಸುದ್ದಿ ಏತಕ್ಕೆ ಎಂದು ಕುಷ್ಟಗಿಯ ನಮ್ಮ ಅಂಗಡಿಗೆ ಬರುವ ಹಿರಿಯ ಕುರಿಗಾರರೊಬ್ಬರು ಕೇಳಿದ್ದರು. ಅವರಿಗೆ ಕೊಡಬೇಕಾದ ಉತ್ತರ 2025ರಲ್ಲಿ ಸಿಕ್ಕಿತು. ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ದೃಢಪಟ್ಟ ಸುದ್ದಿಯನ್ನು ಫೆಬ್ರುವರಿಯಲ್ಲಿ ಪ್ರೊಮೆಡ್ ಎಂಬ ಅಂತರ್ಜಾಲದ ರೋಗಸುದ್ದಿ ಸೇವೆಯಲ್ಲಿ ಓದಿದ್ದೆ. ಕೆಲವೇ ವಾರಗಳಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲೂ ಅದೇ ರೋಗ ಕಾಣಿಸಿಕೊಂಡಿತು. ಆ ನಡುವಿನ ದಿನಗಳಲ್ಲಿ ಕೋಳಿ ಫಾರಂ ಇಟ್ಟಿರುವ ಗಿರಾಕಿಗಳಿಗೆ, ಹೊರಗಿನ ಲಾರಿಗಳನ್ನು ಶೆಡ್ಡಿನ ಹತ್ತಿರ ಬಿಟ್ಟುಕೊಳ್ಳಬೇಡಿ ಎಂದು ಹೇಳಲು ಸಾಧ್ಯವಾಯಿತು.

ಪ್ರೊಮೆಡ್ 1994ರಲ್ಲಿ ಆರಂಭವಾದ ಸೇವೆ. ಮನುಷ್ಯರ, ಪ್ರಾಣಿಗಳ ಹಾಗೂ ಬೆಳೆಗಳ ರೋಗಗಳ ಸುದ್ದಿಯನ್ನು ಒಂದೇ ಕಡೆ ಕೊಡುವುದು ಇದರ ಮೊದಲ ಹಿರಿಮೆ. ಕುರಿಗಳ ಹಿರೇಬೇನೆ, ನೆರಡಿ ರೋಗ, ದನಗಳ ಚರ್ಮಗಂಟು ರೋಗ ಇವೆಲ್ಲ ಇಲ್ಲಿ ಮನುಷ್ಯರ ಕಾಲರಾ, ಎಬೋಲಾಗಳ ಪಕ್ಕದಲ್ಲೇ ಬರುತ್ತವೆ. 2016ರಲ್ಲಿ ಬಾಂಗ್ಲಾದೇಶದ ಗೋಧಿ ಹೊಲಗಳನ್ನು ಹಾಳುಮಾಡಿದ್ದು, ಗಂಗಾವತಿ, ಸಿಂಧನೂರಿನ ಭತ್ತದ ರೈತರು ಬೆಂಕಿ ರೋಗ ಎಂದು ಕರೆಯುವ ರೋಗದ ಶಿಲೀಂಧ್ರದ ಇನ್ನೊಂದು ಬಗೆ. ಇಂತಹ ನಂಟುಗಳು ಮನುಷ್ಯರ ರೋಗಗಳನ್ನಷ್ಟೇ ನೋಡುವ ಸೇವೆಗಳಲ್ಲಿ ಸಿಗುವುದಿಲ್ಲ.

ಆದರೆ ನಾನು ಇದನ್ನು ಬಿಡದೆ ಓದುವುದು ಸುದ್ದಿಗಾಗಿ ಅಲ್ಲ, ಸುದ್ದಿಯ ಕೆಳಗೆ ಚೌಕಾಕಾರದ ಕಂಸಗಳೊಳಗೆ ಸಂಪಾದಕರು ಬರೆಯುವ ಟಿಪ್ಪಣಿಗಾಗಿ. ಅವರು ಆಯಾ ವಿಷಯದ ತಜ್ಞರು. ಪತ್ರಿಕೆಯ ವರದಿಯನ್ನು ಮುಂದಿಟ್ಟುಕೊಂಡು, ಇದರಲ್ಲಿ ಪ್ರಯೋಗಾಲಯದ ಪರೀಕ್ಷೆ ಆಗಿದೆಯೇ, ಲಕ್ಷಣಗಳು ಹೇಳಿದ ರೋಗಕ್ಕೆ ಹೊಂದುತ್ತವೆಯೇ, ಬೇರೆ ಯಾವ ರೋಗ ಇರಬಹುದು ಎಂದು ಬಿಡಿಸಿ ನೋಡುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದು, ತಿಳಿದವರು ತಿಳಿಸಿ ಎಂದು ಕೋರುತ್ತಾರೆ. ಗುವಾಂಗ್‌ಝೌ ನಗರದಲ್ಲಿ ಆಸ್ಪತ್ರೆಗಳು ಮುಚ್ಚಿವೆ, ಜನ ಸಾಯುತ್ತಿದ್ದಾರೆ ಎಂಬ ಮಾತು ಕೇಳಿಬಂದಿದೆ, ಯಾರಿಗಾದರೂ ಗೊತ್ತೇ ಎಂಬ ಪ್ರಶ್ನೆಯೊಂದು 2003ರ ಫೆಬ್ರುವರಿ 10ರಂದು ಇಲ್ಲಿ ಪ್ರಕಟವಾಯಿತು. ಮರುದಿನ ಚೀನಾ 305 ಪ್ರಕರಣ, 5 ಸಾವುಗಳನ್ನು ಒಪ್ಪಿಕೊಂಡಿತು. ಅದೇ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ರೋಗ. ವುಹಾನಿನ ಕಾರಣ ತಿಳಿಯದ ನ್ಯುಮೋನಿಯಾದ ಬಗೆಗೂ 2019ರ ಡಿಸೆಂಬರ್ ಕೊನೆಯಲ್ಲಿ ಇಂಥದೇ ವಿಚಾರಣೆ ಬಂದಿತ್ತು.

ಕೊರತೆಗಳೂ ಇವೆ. ಕನ್ನಡದಲ್ಲಿ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಕೂಡ ವೈದ್ಯಕೀಯ ಸಂಕ್ಷೇಪಗಳಿಂದ ಕಿಕ್ಕಿರಿದಿರುವುದರಿಂದ ಮೊದಲ ಕೆಲವು ತಿಂಗಳು ನಿಘಂಟು ಬೇಕಾಗುತ್ತದೆ. ಹೆಚ್ಚಿನ ವರದಿಗಳು ಪತ್ರಿಕೆಗಳನ್ನು ಆಧರಿಸಿರುವುದರಿಂದ, ಯಲಬುರ್ಗಾದ ಯಾವುದೋ ಹಟ್ಟಿಯಲ್ಲಿ ಐವತ್ತು ಕುರಿ ಸತ್ತು ಅದು ಪತ್ರಿಕೆಗೆ ಬಾರದಿದ್ದರೆ ಪ್ರೊಮೆಡ್‌ಗೂ ಬಾರದು. ನಮ್ಮ ಕುರಿಗಾರರಂತೂ ಪತ್ರಿಕೆಯವರಿಗೆ ಫೋನು ಮಾಡುವವರಲ್ಲ. ಆದ್ದರಿಂದ ಇಲ್ಲಿ ಹೆಸರು ಕಾಣದ ಜಿಲ್ಲೆಯನ್ನು ಕ್ಷೇಮವೆಂದು ತಿಳಿಯಲಾಗದು.

ವಿಶ್ವ ಆರೋಗ್ಯ ಸಂಸ್ಥೆ ಉಚಿತವಾಗಿ ಪ್ರಕಟಿಸುವ ರೋಗೋದ್ರೇಕ ವರದಿಗಳನ್ನು ಜೊತೆಗಿಟ್ಟುಕೊಂಡು ಓದುವುದು ಒಳ್ಳೆಯದು. ಅವು ದೃಢೀಕರಣಕ್ಕೆ ಕಾಯುವುದರಿಂದ ನಿಧಾನ, ಆದರೆ ಅಪಾಯದ ಅಂದಾಜು ಅಲ್ಲಿ ಹೆಚ್ಚು ವ್ಯವಸ್ಥಿತವಾಗಿರುತ್ತದೆ.

ಹಣದ ಮಾತು ಬಂದರೆ, ಪ್ರೊಮೆಡ್ ಬಹುಕಾಲ ಉಚಿತವಾಗಿತ್ತು. 2023ರಲ್ಲಿ ಬೊಕ್ಕಸ ಬರಿದಾಗಿ ಚಂದಾ ವ್ಯವಸ್ಥೆ ತರುವುದಾಗಿ ಪ್ರಕಟಿಸಿದಾಗ, ಸಂಪಾದಕರಲ್ಲಿ ಹಲವರು ಬಾಕಿ ಸಂಭಾವನೆ ಮತ್ತು ಸೇವೆಯ ಭವಿಷ್ಯದ ಪ್ರಶ್ನೆ ಎತ್ತಿ ಕೆಲಸ ನಿಲ್ಲಿಸಿದ್ದರು. ಸಣ್ಣ ಅಂಗಡಿಯವರಿಗೆ, ಹಳ್ಳಿಗಳಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಪಶುಸಖಿಯರಿಗೆ ಹೊಸ ವರದಿಗಳಷ್ಟೇ ಸಾಕು. ಹಳೆಯ ಕಡತಗಳಿಗಾಗಿ ಅವರು ಕೈಯಿಂದ ದುಡ್ಡು ಹಾಕಬೇಕಿಲ್ಲ. ಚಂದಾ ಕಟ್ಟಬೇಕಾದವರು ಪಶುವೈದ್ಯಕೀಯ ಕಾಲೇಜುಗಳವರು ಮತ್ತು ಜಿಲ್ಲಾ ಕಚೇರಿಗಳವರು, ಏಕೆಂದರೆ ಹಿಂದೆ ಯಾವ ಊರಿನಲ್ಲಿ ಯಾವ ತಿಂಗಳು ಏನು ಬಂದಿತ್ತು ಎಂಬುದನ್ನು ತೆಗೆದು ನೋಡುವ ಕೆಲಸ ಅವರದು.