ಎಂಜಿಬಿ ರೋಡ್‌ಸ್ಟರ್, 1966ರ ಮಾದರಿ: ಎಂಟು ವರ್ಷಗಳ ಒಡನಾಟದ ಬಳಿಕ

ಎಂಜಿಬಿ ರೋಡ್‌ಸ್ಟರ್ ಎಂದರೆ ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು. ಆ ಕಾರಿನ ಜೊತೆಗೆ ನನ್ನ ಕೈಸೇರಿದ, ಹಳೆಯ ಬಿಲ್ಲು ಫೋಟೋಗಳಿದ್ದ ದಪ್ಪನೆಯ ಕಡತವನ್ನು ಮೊದಲ ವಾರದಲ್ಲೇ ಎರಡು ಸಲ ಓದಿದ್ದೆ. ಅದನ್ನು ಸರಿಯಾಗಿ ಓದಲು ಮಾತ್ರ ಐದು ವರ್ಷ ಬೇಕಾಯಿತು. ಈ ವಿಮರ್ಶೆಯನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಕಾರಣಕ್ಕೆ. ಎಂಜಿಬಿಯ ಎಂಜಿನ್ ಎಷ್ಟು ಸಿಸಿ, ಎಷ್ಟು ವೇಗ ಹೋಗುತ್ತದೆ ಎಂಬುದೆಲ್ಲ ಇಂಥ ಕಾರನ್ನು ಹುಡುಕುವವರಿಗೆ ಮೊದಲೇ ಗೊತ್ತಿರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ನನಗಿಂತ ಮೊದಲು ಈ ಕಾರಿಗೆ ನಾಲ್ವರು ಒಡೆಯರಿದ್ದರು. ಮೊದಲನೆಯವರು ಹಾಕಿಸಿದ ಪೆಟ್ರೋಲು, ಬದಲಿಸಿದ ಎಣ್ಣೆ, ಹೋಗಿಬಂದ ದೂರ ಎಲ್ಲವನ್ನೂ ಗೆರೆ ಹಾಕಿದ ಸಣ್ಣ ಪುಸ್ತಕವೊಂದರಲ್ಲಿ ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದಾರೆ. ಎರಡನೆಯವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಓಡಿಸಿದರು. ಮೂರನೆಯವರ ಕಾಲದಲ್ಲಿ ಅದು ಹನ್ನೊಂದು ವರ್ಷ ಹೊದಿಕೆಯ ಕೆಳಗೇ ನಿಂತಿತ್ತು. ನಾಲ್ಕನೆಯವರು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಿ, ಕೆಂಪು ಬಣ್ಣ ಹೊಡೆಸಿ ಮಾರಿದರು. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ, ಈ ಕಾರುಗಳು ತಯಾರಾದ ಆಬಿಂಗ್ಡನ್ ಕಾರ್ಖಾನೆಯ ಹಳೆಯ ದಾಖಲೆಗಳನ್ನು ನೋಡಿ ಕೊಡುವ ಹೆರಿಟೇಜ್ ಪ್ರಮಾಣಪತ್ರವನ್ನು ನಾನೇ ತರಿಸಿಕೊಂಡೆ. ಚಾಸಿಸ್ ಸಂಖ್ಯೆಯ ಮುಂದಿನ ‘ಜಿಎಚ್‌ಎನ್3’ ಎಂಬ ಅಕ್ಷರಗಳಿಂದ ಇದು ಮೊದಲ ಸರಣಿಯ ತೆರೆದ ಕಾರು ಎಂಬುದು ತಿಳಿದೇ ಇತ್ತು. ಎಂಜಿನ್ ಸಂಖ್ಯೆಯೂ ತಾಳೆಯಾಯಿತು. ಆದರೆ ಕಾರ್ಖಾನೆಯಿಂದ ಹೊರಟಾಗ ಇದರ ಬಣ್ಣ ಕೆಂಪಲ್ಲ, ‘ಓಲ್ಡ್ ಇಂಗ್ಲಿಷ್ ವೈಟ್’ ಎಂಬ ಹಾಲುಕೆನೆಯ ಬಿಳಿ.

ಈ ಕಾರನ್ನು ಓಡಿಸುವ ಸುಖ ಓಡಿಸುವ ಮೊದಲೇ ಶುರುವಾಗುತ್ತದೆ. ಕೀಲಿ ತಿರುಗಿಸಿದೊಡನೆ ಹಿಂದಿನಿಂದ ಪೆಟ್ರೋಲ್ ಪಂಪು ಟಿಕ್ ಟಿಕ್ ಟಿಕ್ ಎನ್ನತೊಡಗುತ್ತದೆ. ಎರಡೂ ಕಾರ್ಬುರೇಟರುಗಳ ಬಟ್ಟಲು ತುಂಬುತ್ತ ಬಂದಂತೆ ಆ ಸದ್ದು ನಿಧಾನವಾಗಿ, ಕೊನೆಗೆ ಪೂರ್ತಿ ನಿಲ್ಲುತ್ತದೆ. ಅದು ನಿಲ್ಲುವವರೆಗೆ ನಾನು ಸ್ಟಾರ್ಟರ್ ಮುಟ್ಟುವುದಿಲ್ಲ. ಆಮೇಲೆ ಚೋಕ್ ಗುಂಡಿಯನ್ನು ಎಳೆದು ಎಂಜಿನ್ ಚಾಲೂ ಮಾಡಿ, ಎಣ್ಣೆಯ ಒತ್ತಡದ ಮುಳ್ಳು ಮೇಲೇರುವುದನ್ನು ನೋಡಿ, ಎಂಜಿನ್ನಿನ ದನಿ ಹದಕ್ಕೆ ಬಂದಂತೆ ಚೋಕನ್ನು ಬೆರಳಗಲ ಬೆರಳಗಲವಾಗಿ ಒಳಗೆ ತಳ್ಳುತ್ತೇನೆ. ಈ ಸರಣಿಯ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ (ಗೇರಿನ ಹಲ್ಲುಗಳು ಸದ್ದಿಲ್ಲದೆ ಕೂಡುವಂತೆ ವೇಗ ಹೊಂದಿಸುವ ಏರ್ಪಾಡು) ಇಲ್ಲ. ನಿಂತಲ್ಲಿಂದ ಹೊರಡುವಾಗ ಗೇರನ್ನು ಒಮ್ಮೆ ಎರಡಕ್ಕೆ ತಾಗಿಸಿ ನಂತರ ಒಂದಕ್ಕೆ ಹಾಕಿದರೆ ಕರಕರ ಸದ್ದಿಲ್ಲದೆ ಕೂರುತ್ತದೆ.

ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಕಾರ್ಬುರೇಟರುಗಳ ತಲೆಯ ಮೇಲಿನ ಕಪ್ಪು ಮುಚ್ಚಳಗಳನ್ನು ಬಿಚ್ಚುತ್ತೇನೆ. ಒಳಗೆ ಸಣ್ಣ ಕೊಳವೆಯಲ್ಲಿ ತೆಳುವಾದ ಎಣ್ಣೆಯಿರಬೇಕು. ಮುಚ್ಚಳಕ್ಕೆ ಅಂಟಿಕೊಂಡ ಕಡ್ಡಿಯನ್ನು ಮೆಲ್ಲಗೆ ಇಳಿಸಿದಾಗ, ಕೊಳವೆಯ ಬಾಯಿ ಇನ್ನೂ ಸ್ವಲ್ಪ ದೂರವಿರುವಾಗಲೇ ಬೆರಳಿಗೆ ತಡೆ ಸಿಕ್ಕರೆ ಎಣ್ಣೆ ಸಾಕಷ್ಟಿದೆ ಎಂದರ್ಥ. ಸಿಗದಿದ್ದರೆ ನಾಲ್ಕು ಹನಿ ಹಾಕಬೇಕು. ಎಣ್ಣೆ ಕಡಿಮೆಯಾದರೆ ಆಕ್ಸಿಲರೇಟರ್ ತಟ್ಟನೆ ಒತ್ತಿದಾಗ ಎಂಜಿನ್ ಒಂದು ಕ್ಷಣ ತಡವರಿಸುತ್ತದೆ. ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್‌ಗಳಿಗೆ ಗ್ರೀಸ್ ಗನ್ ಹಿಡಿಯುವ ಕೆಲಸವೂ ನನ್ನದೇ. ಮೊದಲ ಒಡೆಯರ ಪುಸ್ತಕದಲ್ಲಿ ಒಂದು ಕಡೆ ‘ಮುಂದಿನ ಎಡ ಚಕ್ರದಲ್ಲಿ ಕಿರುಗುಟ್ಟುವಿಕೆ, ಗ್ರೀಸ್ ಹಾಕಿದ ಮೇಲೆ ನಿಂತಿತು’ ಎಂದಿದೆ. ಅದೇ ಚಕ್ರ ನನ್ನ ಕಾಲದಲ್ಲೂ ಕಿರುಗುಟ್ಟಿತು, ಅದೇ ಮದ್ದಿಗೆ ನಿಂತಿತು. ನಾನು ಕಂಡೇ ಇರದ ಒಬ್ಬರ ಪಕ್ಕದಲ್ಲಿ ಕೂತು ಕೆಲಸ ಮಾಡಿದಂತೆ ಆ ದಿನ ಅನ್ನಿಸಿತು.

ಐದನೆಯ ವರ್ಷದಲ್ಲಿ ಚಾಲಕನ ಬದಿಯ ಬಾಗಿಲನ್ನು ತುಸು ಮೇಲೆತ್ತಿ ಹಾಕಬೇಕಾಯಿತು. ಕೀಲು ಸವೆದಿರಬೇಕೆಂದುಕೊಂಡೆ. ಚಕ್ರ ಬಿಚ್ಚಲೆಂದು ಒಂದು ದಿನ ಜಾಕ್ ಹಾಕಿ ಎತ್ತಿದಾಗ, ಬಾಗಿಲಿನ ಹಿಂದಂಚಿನ ಸಂದು ಕಣ್ಣೆದುರೇ ಕಿರಿದಾಗಿ ಬಾಗಿಲು ಕಂಬಕ್ಕೆ ಕಚ್ಚಿಕೊಂಡಿತು. ಕಾರಿನ ನಡು ಬಗ್ಗುತ್ತಿತ್ತು.

ಇದಕ್ಕೆ ಮೊದಲು ಬಂದ ಎಂಜಿಎ ಕಾರಿಗೆ ದೇಹದಿಂದ ಪ್ರತ್ಯೇಕವಾದ ಚಾಸಿಸ್ ಚೌಕಟ್ಟು ಇತ್ತು. 1962ರಲ್ಲಿ ಬಂದ ಎಂಜಿಬಿಗೆ ಅದಿಲ್ಲ; ದೇಹವೇ ಅಸ್ಥಿಪಂಜರ. ರೋಡ್‌ಸ್ಟರಿಗೆ ಗಟ್ಟಿ ಛಾವಣಿಯೂ ಇಲ್ಲದ್ದರಿಂದ, ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಭಾರ ಬಹುಮಟ್ಟಿಗೆ ಬಾಗಿಲುಗಳ ಕೆಳಗಿನ ಸಿಲ್‌ಗಳ ಮೇಲೆಯೇ ಬೀಳುತ್ತದೆ. ಸಿಲ್ ಎಂದರೆ ಒಂದೇ ತಗಡಲ್ಲ. ಹೊರಗೆ ಕಾಣುವ ಹೊರ ಸಿಲ್, ಅದರ ಹಿಂದೆ ನಿಂತಿರುವ ನಡುತಗಡು, ಒಳಬದಿಯಲ್ಲಿ ತಳದ ‘ಕ್ಯಾಸಲ್ ರೇಲ್’ ಇವೆಲ್ಲ ಸೇರಿ ಒಂದು ಪೆಟ್ಟಿಗೆಯಾದಾಗಲೇ ಅದಕ್ಕೆ ಬಲ. ನೀರು ಇಳಿಯಬೇಕಾದ ಕಿಂಡಿ ಕಟ್ಟಿಕೊಂಡರೆ ಆ ಪೆಟ್ಟಿಗೆ ಒಳಗಿನಿಂದ ಕೊಳೆಯುತ್ತದೆ.

ಹೊರ ಸಿಲ್ ಕೊಯ್ದು ತೆಗೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೇಲಿನ ತಗಡು ಹೊಸದು, ಗಟ್ಟಿ, ಹೊಳೆಯುವ ಕೆಂಪು. ಅದರ ಹಿಂದಿನ ನಡುತಗಡು ಕೆಳಗಿನ ಅರ್ಧದಲ್ಲಿ ಇರಲೇ ಇಲ್ಲ. ತುಕ್ಕಿನ ಪುಡಿ ಬೊಗಸೆಗಟ್ಟಲೆ ನೆಲಕ್ಕೆ ಸುರಿಯಿತು. ಕೊಳೆತದ್ದನ್ನು ಹಾಗೇ ಬಿಟ್ಟು ಮೇಲೆ ಹೊಸ ಸಿಲ್ ಬೆಸೆದು, ಬೆಸುಗೆಯ ಗೆರೆಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಆ ಕೆಲಸ ಮಾಡಿದ ಕಾರ್ಯಾಗಾರದ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅಪಘಾತವೇನಾದರೂ ಆಗಿದ್ದರೆ ಆ ಕಾರು ನನ್ನನ್ನಾಗಲಿ ಪಕ್ಕದಲ್ಲಿ ಕೂತವರನ್ನಾಗಲಿ ಕಾಯುತ್ತಿರಲಿಲ್ಲ.

ಅಂದು ರಾತ್ರಿ ಮನೆಗೆ ಬಂದು ಕಡತ ತೆರೆದೆ. ನವೀಕರಣದ ಬಿಲ್ಲಿನಲ್ಲಿ ‘ಹೊರ ಸಿಲ್, 2’ ಎಂದು ಸ್ಪಷ್ಟವಾಗಿ ಬರೆದಿತ್ತು. ನಡುತಗಡಿನ ಹೆಸರಿರಲಿಲ್ಲ, ಕ್ಯಾಸಲ್ ರೇಲಿನ ಹೆಸರಿರಲಿಲ್ಲ. ಕಡತ ಸುಳ್ಳು ಹೇಳಿರಲಿಲ್ಲ. ‘ಸಿಲ್ ಬದಲಾಗಿದೆ’ ಎಂದು ನಾನೇ ಓದಿಕೊಂಡಿದ್ದೆ. ಬಣ್ಣ ಹೊಡೆದ ಮೇಲಿನ ಫೋಟೋಗಳು ನಲವತ್ತಕ್ಕೂ ಹೆಚ್ಚಿದ್ದವು, ತಗಡು ಬಿಚ್ಚಿಟ್ಟಾಗಿನದು ಒಂದೂ ಇರಲಿಲ್ಲ.

ರಿಪೇರಿಗೆ ಏಳು ತಿಂಗಳು ಹಿಡಿಯಿತು. ಸಿಲ್ ಕೊಯ್ದಾಗ ದೇಹ ಕುಸಿಯದಂತೆ ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಬೆಸೆದು, ಎರಡೂ ಬದಿಯನ್ನು ಒಂದಾದ ಮೇಲೊಂದರಂತೆ ಕಟ್ಟಬೇಕು. ಇದರಲ್ಲಿ ಅವಸರ ನಡೆಯದು. ವೇಗದಲ್ಲಿ ಹೋಗುವಾಗ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಓವರ್‌ಡ್ರೈವ್ ಗೇರ್‌ಬಾಕ್ಸಿಗೆಂದು ಕೂಡಿಟ್ಟ ಹಣವೂ ಹೊಸ ಹುಡ್‌ಗೆಂದು, ಅಂದರೆ ಮಡಚುವ ಮೇಲ್ಛಾವಣಿಗೆಂದು, ಇಟ್ಟಿದ್ದೂ ಇದಕ್ಕೇ ಹೋಯಿತು. ಹಾಗಾಗಿ ಈಗಲೂ ಹಳೆಯ ಹುಡ್ಡೇ ಇದೆ, ಮಳೆ ಬಂದರೆ ಎಡಮೂಲೆಯಲ್ಲಿ ಸೋರುತ್ತದೆ. ಬಿಡಿಭಾಗಗಳಿಗೆ ಮಾತ್ರ ಒಂದು ದಿನವೂ ಕಾಯಲಿಲ್ಲ. ಕಾರ್ಖಾನೆ 1980ರಲ್ಲೇ ಮುಚ್ಚಿದರೂ ಐದು ಲಕ್ಷಕ್ಕಿಂತ ಹೆಚ್ಚು ತಯಾರಾದ ಕಾರಿದು. ಪೂರ್ತಿ ದೇಹವನ್ನೇ 1988ರಿಂದ ಹೊಸದಾಗಿ ಒತ್ತಿ ಮಾರಿದ್ದಾರೆ. ಇದೇ ವಯಸ್ಸಿನ ಬೇರೆ ಯಾವ ಸ್ಪೋರ್ಟ್ಸ್ ಕಾರನ್ನಾದರೂ ನನ್ನಂಥ ಸಂಬಳದವರು ಇಷ್ಟು ಆಳದಿಂದ ಎತ್ತಿ ನಿಲ್ಲಿಸುವುದು ಕಷ್ಟವಿತ್ತು.

ಕೆಲಸದ ನಡುವೆ ಡ್ಯಾಶ್‌ಬೋರ್ಡ್ ಬಿಚ್ಚಿದಾಗ, ಯಾರ ಬ್ರಷ್ಷೂ ತಲುಪದ ಒಂದು ಮೂಲೆಯಲ್ಲಿ ಅಂಗೈ ಅಗಲದಷ್ಟು ಹಾಲುಕೆನೆಯ ಬಿಳಿ ಹಾಗೇ ಉಳಿದಿತ್ತು. ಪ್ರಮಾಣಪತ್ರದ ಮಾತನ್ನು ತಗಡು ತಾನೇ ಒಪ್ಪಿಕೊಂಡಂತಿತ್ತು. ಅದನ್ನು ಮುಟ್ಟಬಾರದೆಂದು ಹೇಳಿ ಉಳಿಸಿಕೊಂಡಿದ್ದೇನೆ.

ಕೊಳ್ಳಬೇಕೇ ಎಂದು ಕೇಳುವವರಿಗೆ ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಬಣ್ಣಕ್ಕೆ ಮೊದಲಿನ ಫೋಟೋಗಳನ್ನು ಕೇಳಿ, ಬಿಲ್ಲುಗಳಲ್ಲಿ ಸಿಲ್‌ನ ಪ್ರತಿಯೊಂದು ತುಂಡಿನ ಹೆಸರಿದೆಯೇ ನೋಡಿ, ಅಯಸ್ಕಾಂತವನ್ನು ಸಿಲ್ಲಿನ ಉದ್ದಕ್ಕೂ ಸರಿಸಿ ಪುಟ್ಟಿ ಎಲ್ಲಿದೆ ಎಂದು ಪರೀಕ್ಷಿಸಿ, ಜಾಕ್ ಮೇಲೆ ಎತ್ತಿಸಿ ಬಾಗಿಲು ತೆರೆದು ಹಾಕಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಹಿಂತಿರುಗಿ ಬನ್ನಿ.

ನನ್ನ ಕಾರಿನ ಬಾಗಿಲು ಈಗ ಎರಡು ಬೆರಳಲ್ಲಿ ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಕೊಯ್ದು ತೆಗೆದ ತಗಡಿನ ಫೋಟೋಗಳು, ನಡುತಗಡು ಮತ್ತು ಕ್ಯಾಸಲ್ ರೇಲಿನ ಹೆಸರಿರುವ ಬಿಲ್ಲು ಎಲ್ಲವನ್ನೂ ಕಡತಕ್ಕೆ ಸೇರಿಸಿ, ಕಂಡದ್ದನ್ನು ಕಂಡ ಹಾಗೆ ಎರಡು ಪುಟ ಬರೆದಿಟ್ಟಿದ್ದೇನೆ. ಆರನೆಯವರಿಗೆ ಬೇಕಾಗುತ್ತದೆ.