ಬೆರಳಿಗೆ ಹಾಕೋ ಸಿಲಿಕೋನ್ ಬ್ರಷ್: ಎರಡು ಹಲ್ಲು ಇರೋವರೆಗೂ ಸೂಪರ್, ಆಮೇಲೆ ಬೆರಳು ಹುಷಾರು

ನಮ್ಮ ಪಾಪುಗೆ ಏಳನೇ ತಿಂಗಳಲ್ಲಿ ಕೆಳಗಡೆ ಎರಡು ಹಲ್ಲು ಇಣುಕಿದ್ವು. (ಮೇಲಿನ ಹಲ್ಲು ಮೊದ್ಲು ಬಂದ್ರೆ ಸೋದರಮಾವನಿಗೆ ಆಗಲ್ಲ ಅಂತಾರಲ್ಲ, ನನ್ನ ತಮ್ಮ ದಿನಾ ಫೋನ್ ಮಾಡಿ ಅಕ್ಕಾ ಯಾವ ಕಡೆ ಬಂತು ಅಂತ ಕೇಳ್ತಿದ್ದ, ಬಚಾವಾದ.) ಅಲ್ಲಿವರೆಗೂ ರಾಗಿ ಸರಿ ತಿನ್ಸಿದ್ಮೇಲೆ ಒದ್ದೆ ಬಟ್ಟೆ ಬೆರಳಿಗೆ ಸುತ್ಕೊಂಡು ವಸಡು ಒರೆಸ್ತಿದ್ದೆ ಅಷ್ಟೇ. ಹಲ್ಲು ಬಂದ್ಮೇಲೆ ಇಲ್ಲೇ ತುಮಕೂರಲ್ಲಿ ಒಂದು ಅಂಗಡಿಲಿ ಈ ಬ್ರಷ್ ತಗೊಂಡೆ, ಡಬ್ಬಿ ಮತ್ತೆ ಮಾವಿನಹಣ್ಣಿನ ವಾಸನೆ ಪೇಸ್ಟು ಸೇರಿ 190 ರೂಪಾಯಿ.

ಮೊದಲು ಒಳ್ಳೇದು ಹೇಳ್ತೀನಿ. ತೋರುಬೆರಳಿಗೆ ಟೋಪಿ ಥರ ಕೂರುತ್ತೆ, ಮಗು ವಸಡು ಊದ್ಕೊಂಡು ಜೊಲ್ಲು ಸುರಿಸ್ಕೊಂಡು ರಚ್ಚೆ ಹಿಡಿದಾಗ ಇದನ್ನ ಸ್ವಲ್ಪ ಹೊತ್ತು ಫ್ರಿಜ್ಜಲ್ಲಿಟ್ಟು (ಫ್ರೀಜರಲ್ಲಲ್ಲ) ಮೆತ್ತಗೆ ಉಜ್ಜಿದ್ರೆ ತಕ್ಷಣ ಸುಮ್ನಾಗ್ತಿತ್ತು. ಅತ್ತೆ ಜೇನುತುಪ್ಪ ಸವರು ಅಂದ್ರು, ವರ್ಷ ತುಂಬೋವರೆಗೂ ಜೇನು ಕೊಡೋ ಹಾಗೇ ಇಲ್ಲ. ಪಕ್ಕದ್ಮನೆಯವ್ರು ವಸಡು ಮರಗಟ್ಟಿಸೋ ಜೆಲ್ ಹಚ್ಚಿ ಅಂದ್ರು, ಬೆಂಜೋಕೇನ್ ಅನ್ನೋ ಮರಗಟ್ಟಿಸೋ ಔಷಧಿ ಇರೋದು ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ್ವೇ ಬೇಡ, ರಕ್ತಕ್ಕೆ ಆಕ್ಸಿಜನ್ ಸಾಗಿಸೋಕಾಗದೆ ಜೀವಕ್ಕೇ ಅಪಾಯ ಆಗ್ಬಹುದು.

ಈಗ ತಕರಾರು. ಮೇಲೆ ಎರಡು ಕೆಳಗೆ ಎರಡು ಆಗಿದ್ದೇ ತಡ, ಬ್ರಷ್ ಒಳಗೆ ಹೋದ ತಕ್ಷಣ ಕಚ್ಚೋದೇ ಆಟ ಆಯ್ತು ಅವಳಿಗೆ, ನಾನು ಅಯ್ಯಯ್ಯೋ ಅಂದ್ರೆ ಕಿಲಕಿಲ ನಗು. ಒಂದಿನ ತೊಳೆಯುವಾಗ ನೋಡಿದ್ರೆ ತುದಿಲಿ ಎಳ್ಳು ಕಾಳಿನಷ್ಟು ಚೂರು ಇಲ್ಲ! ಬಾಯೆಲ್ಲಾ ಹುಡುಕಿ, ಚಾಪೆ ಕೊಡವಿ, ಕೊನೆಗೆ ನನ್ನ ನೈಟಿ ಮೇಲೆ ಸಿಕ್ತು, ಎದೆ ಢವಢವ. ಅಂಗಡಿಯವರು ಬಾಯಿಗೆ ಹಾಕಿದ್ದು ವಾಪಸ್ ತಗೊಳಲ್ಲ ಮೇಡಂ ಅಂದ್ರು. ಹೋಗ್ಲಿ, ಕಿತ್ತೋದ್ರೆ ಎಸೀಬೇಕು ಅಂತ ಡಬ್ಬಿ ಮೇಲಾದ್ರೂ ಬರೀಬಹುದಿತ್ತಲ್ವಾ?

ಇನ್ನು ಪೇಸ್ಟು. ಫ್ಲೋರೈಡ್ ಇಲ್ಲ ಅಂತ ದೊಡ್ಡದಾಗಿ ಬರ್ದಿದ್ರು, ಅದಕ್ಕೇ ನಾನು ಖುಷಿಯಾಗಿ ತಗೊಂಡಿದ್ದು, ಯಾಕಂದ್ರೆ ನಮ್ಮೂರು ಪಾವಗಡ ಕಡೆ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಆಗಿ ನಮ್ಮ ಚಿಕ್ಕಪ್ಪಂದಿರ ಹಲ್ಲೆಲ್ಲಾ ಕಂದು ಪಟ್ಟೆ. ವರ್ಷ ತುಂಬಿದಾಗ ಹಲ್ಲಿನ ಡಾಕ್ಟ್ರಿಗೆ ತೋರಿಸಿದ್ವಿ, ಅವ್ರು ಮೊದ್ಲು ಕೇಳಿದ್ದೇ ಯಾವ ನೀರು ಕುಡೀತೀರಿ ಅಂತ. ಇಲ್ಲಿ ಬೋರ್ ನೀರಲ್ಲ, ಹೇಮಾವತಿ ನದಿ ನೀರು ಅಂದೆ. ಹಂಗಿದ್ರೆ 1000 ಪಿಪಿಎಂ (ಅದು ಫ್ಲೋರೈಡ್ ಎಷ್ಟಿದೆ ಅನ್ನೋ ಅಳತೆ) ಫ್ಲೋರೈಡ್ ಪೇಸ್ಟು ಒಂದು ಅಕ್ಕಿಕಾಳಷ್ಟು ಸವರಿ ಉಜ್ಜಿ, ಹುಳುಕು ತಡಿಯುತ್ತೆ, ಕಲೆ ಬೀಳೋದು ವಸಡೊಳಗೆ ಹಲ್ಲು ಬೆಳೀತಿರುವಾಗ ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋದ್ರೆ, ಊರಿಗೆ ಹೋದಾಗ ಬೋರ್ ನೀರು ಕುಡಿಸ್ಬೇಡಿ ಅಂದ್ರು. ರಾತ್ರಿ ಬಾಟ್ಲು ಬಾಯಲ್ಲಿಟ್ಟು ಮಲಗಿಸ್ತೀರಾ ಅಂತಾನೂ ಕೇಳಿ ಚೆನ್ನಾಗಿ ಬೈದ್ರು, ಅದು ನಮ್ಮದೇ ತಪ್ಪು.

ಐದಕ್ಕೆ ಎರಡೂವರೆ. ಒಂದೆರಡು ಹಲ್ಲಿರೋವ್ರು ಬರೀ ಬ್ರಷ್ ಸಿಕ್ಕಿದ್ರೆ ತಗೊಳಿ, ಸೆಟ್ ಬೇಡ. ನಾವು ಈಗ ತಲೆ ಚಿಕ್ಕದಿರೋ 40 ರೂಪಾಯಿ ಬೇಬಿ ಬ್ರಷ್‌ಗೆ ಬಂದಿದೀವಿ. ಡಬ್ಬಿ ಮಾತ್ರ ಗಟ್ಟಿ ಇದೆ, ಸೀರೆ ಪಿನ್ನು ಹಾಕಿಟ್ಟಿದೀನಿ.